ಹತ್ತು ಚದರ ಮೀಟರಿನ ಸಂಸಾರ

ಔಷಧದ ಅಂಗಡಿಯ ಮುಂದೆ ನಿಂತವರು ಗೋಡೆ ನೋಡುವುದಿಲ್ಲ. ಹೊಟ್ಟೆನೋವಿನವನಿಗೆ ಡಬ್ಬಗಳಷ್ಟೇ ಕಾಣುತ್ತವೆ; ಮಗುವಿನ ಜ್ವರಕ್ಕೆಂದು ಓಡಿಬಂದ ತಾಯಿಗೆ ಅಂಗಡಿಯವನ ಕೈಯಷ್ಟೇ ಕಾಣುತ್ತದೆ. ನನಗೆ ಮಾತ್ರ ಈಚೆಗೆ ಗೋಡೆ ನೋಡುವ ಚಟ ಹತ್ತಿದೆ. ತಿರುಪತಿ ತಿಮ್ಮಪ್ಪ, ಪಕ್ಕದಲ್ಲಿ ಗಣಪತಿ, ಅದರಾಚೆ ಅಂಗಡಿ ಶುರುಮಾಡಿದ ಹಿರಿಯರ ಭಾವಚಿತ್ರ, ಆಮೇಲೆ ಊದುಬತ್ತಿಯ ಹೊಗೆಗೆ ಕಂದಿದ ಎರಡು ಚೌಕಟ್ಟು. ಒಂದರ ಮೇಲೆ ಫಾರಂ 20 ಎಂದಿರುತ್ತದೆ, ಇನ್ನೊಂದರ ಮೇಲೆ ಫಾರಂ 21. ದೇವರ ಪಟ ಹಾಕದಿದ್ದರೆ ಯಾರೂ ಕೇಳುವುದಿಲ್ಲ. ಇವೆರಡನ್ನು ಗಿರಾಕಿಗಳಿಗೆ ಕಾಣುವಂತೆ ತೂಗುಹಾಕದಿದ್ದರೆ ಕೇಳುವವರಿದ್ದಾರೆ. ಇಪ್ಪತ್ತು ಮಾಮೂಲು ಮಾತ್ರೆ, ಸಿರಪ್ಪು, ಮುಲಾಮುಗಳಿಗೆ. ಇಪ್ಪತ್ತೊಂದು ಲಸಿಕೆ, ಇನ್ಸುಲಿನ್ನುಗಳಂಥ ಸೂಕ್ಷ್ಮ ಪ್ರಕೃತಿಯವಕ್ಕೆ. ಬೀಗ ಹಾಕಿಯೇ ಇಡಬೇಕಾದ ಕೆಲವು ಔಷಧಗಳಿಗೆ 20ಎಫ್ ಎಂಬ ಮೂರನೆಯದೂ ಒಂದಿದೆ. ಅದರ ಗೊಡವೆಗೆ ಹೆಚ್ಚಿನವರು ಹೋಗುವುದಿಲ್ಲ.

ಈ ಚಟ ಅಂಟಿಸಿದವನು ತಿಪಟೂರಿನಲ್ಲಿರುವ ನನ್ನ ಅಕ್ಕನ ಮಗ. ಭಾವನವರದು ಕೊಬ್ಬರಿ ವ್ಯಾಪಾರ. ಮಗ ಬಿ.ಕಾಂ. ಮುಗಿಸಿ ಕೆಲವು ವರ್ಷ ಅಪ್ಪನ ಜೊತೆ ಕೊಬ್ಬರಿ ಎಣಿಸಿದ. ಆಮೇಲೊಂದು ದಿನ ಫೋನ್ ಮಾಡಿ, "ಮಾವ, ಮೆಡಿಕಲ್ ಹಾಕೋಣ ಅಂತಿದೀನಿ" ಎಂದ. ಯಾಕೋ ಎಂದರೆ, "ಕೊಬ್ಬರಿ ರೇಟು ಏರುತ್ತೆ, ಇಳಿಯುತ್ತೆ. ಊರಿನ ಜನರ ಶುಗರ್ರು, ಬಿ.ಪಿ. ಇಳಿದಿದ್ದು ಎಲ್ಲಾದ್ರೂ ನೋಡಿದೀರಾ?" ಇಷ್ಟು ಗಟ್ಟಿಯಾದ ಅರ್ಥಶಾಸ್ತ್ರಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಸುದ್ದಿ ಹಬ್ಬಿದ ಮೇಲೆ ಊರವರು ಕೇಳಿದ ಮೊದಲ ಪ್ರಶ್ನೆ, "ಎಷ್ಟಾಗುತ್ತಂತೆ?" ಕೇಳಿದವರೇ ಉತ್ತರವನ್ನೂ ಕೊಡುತ್ತಿದ್ದರು, ಒಬ್ಬರ ಮೊತ್ತಕ್ಕೂ ಇನ್ನೊಬ್ಬರ ಮೊತ್ತಕ್ಕೂ ತಾಳೆಯಾಗುತ್ತಿರಲಿಲ್ಲ. ಕಾನೂನಿನ ಉತ್ತರ ತೀರಾ ಸಪ್ಪೆ: ಒಂದು ಲೈಸೆನ್ಸಿಗೆ 1500 ರೂಪಾಯಿ, ಎರಡಕ್ಕೆ 3000. ಖಜಾನೆಗೆ ಚಲನ್ ಕಟ್ಟಿ, ಫಾರಂ 19ರಲ್ಲಿ ಅರ್ಜಿ ಹಾಕಬೇಕು. ಇಷ್ಟೇ ಎಂದರೆ ಯಾರೂ ನಂಬಲಿಲ್ಲ. ಮೂರು ಸಾವಿರಕ್ಕೆ ಸಿಗುವ ಲೈಸೆನ್ಸನ್ನು ಮನೆಯ ಗೋಡೆಗೆ ತೂಗುಹಾಕಲು ಅವಮಾನ ಎಂಬಂತೆ ನೋಡಿದರು.

ಜಾಗದ ಮಾತಿಗೆ ಬರೋಣ. ಚಿಲ್ಲರೆ ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಬೇಕು. ಸಗಟು, ಚಿಲ್ಲರೆ ಎರಡೂ ನಡೆಸುವುದಾದರೆ 15. ನಮ್ಮವರ ಭಾಷೆಯಲ್ಲಿ ಹತ್ತು ಚದರ ಮೀಟರ್ ಎಂದರೆ ಸುಮಾರು 108 ಚದರ ಅಡಿ. "ನೂರಾ ಎಂಟೇ? ಅಷ್ಟೋತ್ತರ!" ಎಂದು ಭಾವನವರು ಅಲ್ಲಿಯೇ ಮುಹೂರ್ತ ನಿಶ್ಚಯ ಮಾಡಿಬಿಟ್ಟರು. ಮನೆಯ ಬೀದಿಬದಿಯ ಕೋಣೆಯಲ್ಲಿ ಟೇಪು ಹಿಡಿದು ಅಳೆದದ್ದಾಯಿತು. ನಡುವೆ ಒಂದು ಕಂಬ, ಮೂಲೆಯಲ್ಲಿ ಅಟ್ಟದ ಮೆಟ್ಟಿಲು. ಮೆಟ್ಟಿಲ ಕೆಳಗಿನ ಜಾಗ ಅಷ್ಟೋತ್ತರದೊಳಗೆ ಸೇರುತ್ತದೋ ಇಲ್ಲವೋ ಎಂಬ ಬಗ್ಗೆ ಮಾತು ಬೆಳೆದು, ಕೊನೆಗೆ ಅದನ್ನು ಬಿಟ್ಟು ಅಳೆದರೂ ಜಾಗ ಸಾಕಾಗುತ್ತದೆಂದು ಗೊತ್ತಾಗಿ ಅಪ್ಪ ಮಗ ಇಬ್ಬರಿಗೂ ನಿರಾಸೆಯಾಯಿತು.

ನಕ್ಷೆ ಬರೆಯುವವನು ಬಂದ. ಕೌಂಟರ್ ಇಲ್ಲಿ, ರ್‍ಯಾಕು ಇಲ್ಲಿ, ಫ್ರಿಜ್ಜು ಇಲ್ಲಿ, ಅವಧಿ ಮೀರಿದ ಔಷಧ ಬೇರೆಯಾಗಿ ಇಡುವ ಕಪಾಟು ಇಲ್ಲಿ. ಆ ಕೋಣೆಯಲ್ಲಿ ಭಾವನವರ ಆರಾಮ ಕುರ್ಚಿಯೊಂದಿತ್ತು. ನಿವೃತ್ತಿಯ ಯೋಜನೆಯೆಲ್ಲ ಆ ಕುರ್ಚಿಯ ಸುತ್ತಲೇ ಇದ್ದದ್ದು: ಮಗ ಮಾತ್ರೆ ಕೊಡುತ್ತಾನೆ, ತಾವು ಪೇಪರ್ ಓದುತ್ತ ಬಂದವರ ಕಾಯಿಲೆ ವಿಚಾರಿಸುತ್ತಾರೆ. ನಕ್ಷೆಯಲ್ಲಿ ಕುರ್ಚಿ ಇರಲಿಲ್ಲ. "ಇದನ್ನೂ ಹಾಕಪ್ಪ, ಬೇಕಾದರೆ ನನ್ನನ್ನೂ ಹಾಕು" ಎಂದರು. ಅವನು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಸ್ಥಿರವಾಗಿರೋದನ್ನು ಮಾತ್ರ ಹಾಕೋದು ಸಾರ್" ಎಂದ. ಭಾವನವರಷ್ಟು ಸ್ಥಿರವಾದ ವಸ್ತು ಆ ಮನೆಯಲ್ಲಿ ಇನ್ನೊಂದಿಲ್ಲ ಎಂದು ಅಕ್ಕ ಒಳಗಿನಿಂದಲೇ ಹೇಳಿದಳು.

ಫ್ರಿಜ್ಜಿನದು ಇನ್ನೊಂದು ಅಧ್ಯಾಯ. ಇನ್ಸುಲಿನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಇರಬೇಕು. ಬಿಸಿಯಾದರೂ ಕೆಟ್ಟಿತು, ಹೆಪ್ಪುಗಟ್ಟಿದರೂ ಕೆಟ್ಟಿತು. ಆದ್ದರಿಂದ ಅಂಗಡಿಗೆ ಅಂಗಡಿಯದೇ ಫ್ರಿಜ್ಜು, ಅದರ ಬಿಲ್ಲು ಅರ್ಜಿಯ ಜೊತೆಗೆ. ಹೊಸ ಫ್ರಿಜ್ಜು ಬಂದ ದಿನವೇ ಅಕ್ಕ ಮಲ್ಲಿಗೆ ದಂಡೆಯನ್ನೂ ದೋಸೆ ಹಿಟ್ಟಿನ ಡಬ್ಬಿಯನ್ನೂ ತಂದಳು. ಬೇಡ ಎಂದರೆ, "ಮಲ್ಲಿಗೆ ಪಕ್ಕದಲ್ಲಿದ್ದರೆ ಇನ್ಸುಲಿನ್‌ಗೇನು ನೆಗಡಿ ಆಗುತ್ತಾ?" ಎಂದಳು. "ನೆಗಡಿ ಆಗಲ್ಲ ಅತ್ತೆ. ಹಿಟ್ಟಿಗೆ, ಹೂವಿಗೆ ಅಂತ ಬಾಗಿಲು ತೆಗೀತಾ ಇದ್ದರೆ ಒಳಗಿನ ತಣ್ಪು ನಿಲ್ಲಲ್ಲ" ಎಂದು ಸೊಸೆ ಅಡುಗೆಮನೆಯಿಂದ ಉತ್ತರ ಕೊಟ್ಟಳು. ಈ ಮಾತು ಎಲ್ಲರ ಕಿವಿಗೂ ಬಿತ್ತು. ತಲೆಗೆ ಯಾರಿಗೂ ಹೋಗಲಿಲ್ಲ.

ಇಷ್ಟೆಲ್ಲ ಕಟ್ಟುಪಾಡು ಯಾಕೆ ಎಂದು ಭಾವನವರು ಗೊಣಗುತ್ತಿದ್ದರು. ನಮ್ಮ ಸೀಮೆಯಲ್ಲಿ ಮಲೇರಿಯಾ ಕಂಡವರ ಮಕ್ಕಳು ಹಾಗೆ ಗೊಣಗಬಾರದು. ಒಂದು ಕಾಲಕ್ಕೆ ಈ ದೇಶದಲ್ಲಿ ಯಾರು ಬೇಕಾದರೂ ಏನನ್ನು ಬೇಕಾದರೂ ಔಷಧವೆಂದು ಮಾರಬಹುದಿತ್ತು. ಕ್ವಿನೈನ್ ಎಂದು ಮಾರುತ್ತಿದ್ದ ಸರಕಿನಲ್ಲಿ ಕ್ವಿನೈನೇ ಸರಿಯಾಗಿ ಇರುವುದಿಲ್ಲ ಎಂಬ ದೂರು ಎದ್ದಿತ್ತು. 1930ರಲ್ಲಿ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಕೂತಿತು. ಹತ್ತು ವರ್ಷ ಕಳೆದು 1940ರಲ್ಲಿ ಕಾಯಿದೆ ಬಂತು, 1945ರಲ್ಲಿ ನಿಯಮಾವಳಿ, 1948ರಲ್ಲಿ ಔಷಧ ಕೊಡುವವರಿಗೇ ಒಂದು ಪ್ರತ್ಯೇಕ ಕಾಯಿದೆ. ನಾವು ಹುಡುಗರಾಗಿದ್ದಾಗ ಆಸ್ಪತ್ರೆಯ ಕಾಂಪೌಂಡರು ನಾವೇ ಒಯ್ದ ಸೀಸೆಗೆ ಕೆಂಪು ಮಿಕ್ಚರ್ ಹುಯ್ದು, ಅಂಚಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಒಂದು ಹೊತ್ತಿಗೆ ಒಂದು ಹಲ್ಲು ಎಂದು ಕೊಡುತ್ತಿದ್ದರು. ನಿಯಮಾವಳಿಯ ಮನಸ್ಸಿನಲ್ಲಿ ಈಗಲೂ ಅವರೇ ಇದ್ದಾರೆ. ಖಲ್ಲು ಬತ್ತ, ತಕ್ಕಡಿ, ಅಳತೆಯ ಪಾತ್ರೆ ಇಟ್ಟುಕೊಂಡು ಔಷಧ ಬೆರೆಸಿಕೊಡುವ ಅಂಗಡಿ ಮಾತ್ರ ಬೋರ್ಡಿನಲ್ಲಿ ಫಾರ್ಮಸಿ ಎಂದು ಬರೆಸಬೇಕು, ಉಳಿದವರು ಕೆಮಿಸ್ಟ್ಸ್ ಅಂಡ್ ಡ್ರಗ್ಗಿಸ್ಟ್ಸ್ ಎಂದರೆ ಸಾಕು ಎನ್ನುತ್ತದೆ ಅದು. ನಮ್ಮ ಬೀದಿಗಳಲ್ಲಿ ಫಾರ್ಮಸಿಗಳಿಗೇನೂ ಬರವಿಲ್ಲ. ಖಲ್ಲು ಬತ್ತ ಒಂದರಲ್ಲೂ ಕಂಡಿಲ್ಲ.

ಇನ್ನು, ಲೈಸೆನ್ಸೇ ಬೇಡದ ಔಷಧವೂ ಉಂಟು. ಸಾವಿರಕ್ಕಿಂತ ಹೆಚ್ಚು ಜನರಿಲ್ಲದ ಹಳ್ಳಿಯಲ್ಲಿ ಪ್ಯಾರಾಸಿಟಮಾಲ್, ನೋವಿನ ಬಾಮು, ಗ್ರೈಪ್ ವಾಟರ್, ಹರಳೆಣ್ಣೆ, ನೀಲಗಿರಿ ಎಣ್ಣೆಯಂಥ ಮನೆಮದ್ದುಗಳನ್ನು ಯಾರು ಬೇಕಾದರೂ ಮಾರಬಹುದು. ಸರಕು ಲೈಸೆನ್ಸ್ ಇರುವವರಿಂದ ಕೊಂಡದ್ದಾಗಿರಬೇಕು, ಪೊಟ್ಟಣ ಬಿಚ್ಚಿರಬಾರದು. ನಮ್ಮ ಹಳ್ಳಿಯ ಶೆಟ್ಟರು ಬೆಲ್ಲದ ಡಬ್ಬದ ಪಕ್ಕ ತಲೆನೋವಿನ ಮಾತ್ರೆ ಇಟ್ಟುಕೊಂಡಿದ್ದದ್ದು ಹೀಗೆ ಶಾಸ್ತ್ರೋಕ್ತವೇ ಇರಬೇಕು. ಸಾವಿರದ ಒಂದನೆಯ ಕೂಸು ಹುಟ್ಟಿದ ದಿನ ಅದರ ಹೊಟ್ಟೆನೋವಿನ ಗ್ರೈಪ್ ವಾಟರಿಗೆ ಶೆಟ್ಟರು ಅಪರಾಧಿಯಾಗುತ್ತಾರಲ್ಲ ಎಂಬುದೊಂದು ನನ್ನನ್ನು ಕಾಡುವ ಸಂಗತಿ.

ತಿಪಟೂರಿಗೆ ಆ ಸೌಲಭ್ಯವಿಲ್ಲ. ಜಾಗ, ನಕ್ಷೆ, ಫ್ರಿಜ್ಜು, ಕಂದಾಯದ ರಸೀದಿ ಎಲ್ಲ ಸೇರಿದ ಮೇಲೆ ಅರ್ಜಿಯಲ್ಲಿ ಒಂದು ಸಾಲು ಖಾಲಿ ಉಳಿಯಿತು: ನೋಂದಾಯಿತ ಫಾರ್ಮಸಿಸ್ಟರ ಹೆಸರು. ವೈದ್ಯರ ಚೀಟಿಯ ಔಷಧವನ್ನು ಅವರೇ ಕೊಡಬೇಕು, ಇಲ್ಲವೆ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು. ಬಿ.ಕಾಂ. ಇದಕ್ಕೆ ನಡೆಯುವುದಿಲ್ಲ. ಆಗ ಕಾಣಿಸಿಕೊಂಡವನು ಒಬ್ಬ ಮಧ್ಯವರ್ತಿ. "ಒಳ್ಳೆ ಫಾರ್ಮಸಿಸ್ಟ್ ಇದ್ದಾರೆ ಸಾರ್. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಸರ್ಟಿಫಿಕೇಟು ನಿಮ್ಮ ಗೋಡೆ ಮೇಲೆ. ಅವರು ಬೆಂಗಳೂರಲ್ಲಿ ಬೇರೆ ಕೆಲಸದಲ್ಲಿದ್ದಾರೆ. ಈ ಕಡೆ ಬರೋದೇ ಇಲ್ಲ, ಏನೂ ತೊಂದರೆ ಕೊಡಲ್ಲ." ಕೆಲಸಕ್ಕೆ ಬರುವುದೇ ಇಲ್ಲ ಎಂಬುದನ್ನು ಅರ್ಹತೆಯಾಗಿ ಹೇಳುವ ಉದ್ಯೋಗ ಇದೊಂದೇ ಇರಬೇಕು. ಇದು ಕಾನೂನಿಗೆ ವಿರುದ್ಧ ಎಂದು ಹೇಳಿದವನಿಗೂ ಗೊತ್ತಿತ್ತು, ಕೇಳಿದವನಿಗೂ ಗೊತ್ತಿತ್ತು. ಅಳಿಯ ನನ್ನ ಮುಖ ನೋಡಿದ. ನಾನು ಕಂಬ ನೋಡಿದೆ. ಫ್ರಿಜ್ಜು ಕೊಳ್ಳಬಹುದು, ಮನುಷ್ಯನ ಬದಲು ಕಾಗದ ನಿಲ್ಲಿಸಿದರೆ ಈ ಲೈಸೆನ್ಸಿಗೆ ಅರ್ಥವೇನು ಎಂದು ಉಪದೇಶ ಮಾಡುವ ಮನಸ್ಸಿತ್ತು. ಬಾಡಿಗೆ ಅಷ್ಟೇನೂ ಹೆಚ್ಚಿಲ್ಲವಲ್ಲ ಎಂದೂ ಅನ್ನಿಸಿತ್ತು.

ಅಷ್ಟರಲ್ಲಿ ಸೊಸೆ ಕಾಫಿ ತಂದಿಟ್ಟು, "ನಂದು ಡಿ.ಫಾರ್ಮ್ ಆಗಿದೆ" ಎಂದಳು.

ಆಗಿದೆ, ನಿಜ. ಹೆಣ್ಣು ನೋಡಲು ಹೋಗುವ ಮುಂಚೆ ಜಾತಕದ ಜೊತೆ ಬಂದ ಹಾಳೆಯಲ್ಲಿ ನಾವೆಲ್ಲ ಅದನ್ನು ಓದಿದ್ದೆವು. ಮದುವೆಯಾದ ಮೇಲೆ ಅದರ ಉಪಯೋಗ ಮುಗಿಯಿತೆಂದು ಎಲ್ಲರೂ ತಿಳಿದಿದ್ದೆವು. ಎರಡು ವರ್ಷದ ಓದು, ಆಮೇಲೆ 500 ಗಂಟೆಯ ತರಬೇತಿ, ಪಾಸಾದದ್ದು ಫಸ್ಟ್ ಕ್ಲಾಸಿನಲ್ಲಿ. ಸರ್ಟಿಫಿಕೇಟು ಬೀರುವಿನಲ್ಲಿ ಧಾರೆ ಸೀರೆಯ ಕೆಳಗೆ. "ಮತ್ತೆ ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?" ಎಂದೆ. "ನೀವು ಯಾರೂ ಕೇಳಲಿಲ್ಲವಲ್ಲ ಮಾವ. ಎಲ್ಲರೂ ಫಾರ್ಮಸಿಸ್ಟ್ ಹುಡುಕ್ತಾ ಇದ್ರಿ" ಎಂದಳು. ಮಧ್ಯವರ್ತಿ ಕಾಫಿ ಮುಗಿಸಿ ಎದ್ದ. ಅವಳದು ಒಂದೇ ಷರತ್ತು: ಲೈಸೆನ್ಸ್ ಅವಳ ಹೆಸರಿನಲ್ಲಿರಬೇಕು. ಅಳಿಯ ತನ್ನ ಅಂಗಡಿಯಲ್ಲಿ ಹೀಗೆ ಸಹಾಯಕನಾದ.

ಸಾಲು ತುಂಬಿತು, ಸಮಸ್ಯೆ ಮುಗಿಯಲಿಲ್ಲ. ಮದುವೆ, ಬಾಣಂತನದ ನಡುವೆ ಫಾರ್ಮಸಿ ಕೌನ್ಸಿಲಿನ ನೋಂದಣಿ ನವೀಕರಿಸಿರಲಿಲ್ಲ. ಅದನ್ನು ಸರಿಮಾಡಲು ಹೋದರೆ ಹೆಸರಿನ ತಕರಾರು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಊರಿನ ಅಕ್ಷರ, ಡಿಪ್ಲೊಮಾದಲ್ಲಿ ಅಪ್ಪನ ಅಕ್ಷರ, ಆಧಾರಿನಲ್ಲಿ ಹೆಸರಿನ ಹಿಂದೆ ಗಂಡನ ಪೂರ್ತಿ ಹೆಸರು. ಮೂರೂ ಹೆಸರಿನವಳು ನಾನೊಬ್ಬಳೇ ಎಂದು ಛಾಪಾ ಕಾಗದದಲ್ಲಿ ಪ್ರಮಾಣ ಮಾಡಿಸಿದ್ದಾಯಿತು. "ಅಫಿಡವಿಟ್ ಬರೋ ತನಕ ಕಾನೂನಿನ ಪ್ರಕಾರ ನನಗೆ ಮೂವರು ಹೆಂಡ್ತೀರಿದ್ರು" ಎಂದು ಅಳಿಯ ಈಗಲೂ ಹೇಳಿಕೊಂಡು ತಿರುಗುತ್ತಾನೆ. ಮೂವರಲ್ಲಿ ಒಬ್ಬಳೂ ನಗುವುದಿಲ್ಲ.

ತಪಾಸಣೆಗೆ ಇನ್‌ಸ್ಪೆಕ್ಟರ್ ಬಂದರು. ತಿಪಟೂರಿನಲ್ಲಿ ಬಂದವರಿಗೆ ಎಳನೀರು ಕೊಡುವುದಕ್ಕೆ ಲಂಚವೆನ್ನುವವರು ಯಾರೂ ಇಲ್ಲ. ಆದರೂ ಆತ ಮುಟ್ಟಲಿಲ್ಲ. ಟೇಪು ಹಿಡಿದರು, ಫ್ರಿಜ್ಜು ತೆಗೆದರು, ಥರ್ಮಾಮೀಟರ್ ನೋಡಿದರು. ಮಲ್ಲಿಗೆಯ ವಾಸನೆಗೆ ಮೂಗು ಒಂದು ಕ್ಷಣ ಅರಳಿತು, ಹೂವು ಸಿಗಲಿಲ್ಲ. ಪ್ರಶ್ನೆಗಳನ್ನೆಲ್ಲ ಅಳಿಯನ ಕಡೆ ತಿರುಗಿ ಕೇಳಿದರು, ಉತ್ತರವೆಲ್ಲ ಸೊಸೆಯ ಕಡೆಯಿಂದ ಬಂತು. ಚೀಟಿಯಲ್ಲಿರುವ ಔಷಧದ ಬದಲು ಬೇರೆ ಕೊಡಬಹುದೇ? ಕೊಡಕೂಡದು. ಅವಧಿ ಮೀರಿದ್ದು? ಬೇರೆ ಕಪಾಟಿನಲ್ಲಿ, ಮಾರಾಟಕ್ಕಲ್ಲ ಎಂಬ ಚೀಟಿ ಅಂಟಿಸಿ. ಮೂರನೆಯ ಪ್ರಶ್ನೆಯ ಹೊತ್ತಿಗೆ ಆತ ಕತ್ತು ತಿರುಗಿಸಿಕೊಂಡರು. ಹೋಗುವಾಗ ಆರಾಮ ಕುರ್ಚಿಯ ಕಡೆ ಬೆರಳು ತೋರಿಸಿ, "ಇದು ನಕ್ಷೆಯಲ್ಲಿಲ್ಲ" ಎಂದರು. ಭಾವನವರು ಎದ್ದು ನಿಂತರು. ಈಗ ಅವರು ಕಾಯಿಲೆ ವಿಚಾರಿಸುವುದು ಜಗುಲಿಯಲ್ಲಿ.

ಲೈಸೆನ್ಸು ಬಂತು. ಮೊದಲೆಲ್ಲ ಅವಧಿ ಮುಗಿದಾಗ ಮತ್ತೆ ಅರ್ಜಿ ಹಾಕಿ ನವೀಕರಿಸಬೇಕಿತ್ತು. 2017ರ ತಿದ್ದುಪಡಿಯ ಮೇಲೆ ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟುತ್ತಿದ್ದರೆ ಅದು ಹಾಗೇ ಇರುತ್ತದೆ. ಅಕ್ಕ ಎರಡು ಚೌಕಟ್ಟಿಗೂ ಅರಿಶಿನ ಕುಂಕುಮ ಹಚ್ಚಿದಳು. ನಂಬರಿನ ಮೇಲೆ ಬಿದ್ದ ಕುಂಕುಮವನ್ನು ಸೊಸೆ ಸೆರಗಿನಿಂದ ಒರೆಸಿದಳು.

ಲಾಭದ ವಿಷಯ ಹೆಚ್ಚು ಹೇಳುವಂಥದಲ್ಲ. ಸರ್ಕಾರ ಬೆಲೆ ಕಟ್ಟಿದ ಔಷಧಗಳಲ್ಲಿ ಚಿಲ್ಲರೆಯವರಿಗೆ ಶೇಕಡ 16; ಎದುರುಬದಿಯ ಅಂಗಡಿಯವರು ಶೇಕಡ 10 ರಿಯಾಯಿತಿ ಎಂದು ಬೋರ್ಡು ಹಾಕಿದ್ದಾರೆ. ಉಳಿದ ಲೆಕ್ಕವನ್ನು ಬಿ.ಕಾಂ. ನೋಡಿಕೊಳ್ಳುತ್ತಿದೆ.

ಅಂಗಡಿ ಶುರುವಾದ ವಾರದಲ್ಲೇ ಅಕ್ಕ ಕೌಂಟರಿನ ಈಚೆ ನಿಂತು, ರಾತ್ರಿ ನಿದ್ದೆ ಬರುತ್ತಿಲ್ಲ, ಆ ಅಲ್‌ಪ್ರಾಜೊಲಾಮ್ ಒಂದು ಪಟ್ಟಿ ಕೊಡು ಎಂದಳು. "ಚೀಟಿ ಕೊಡಿ ಅತ್ತೆ" ಎಂದಳು ಸೊಸೆ. ಅದು ಎಚ್1 ಪಟ್ಟಿಯ ಔಷಧ. ಬರೆದ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಕೊಟ್ಟ ಮಾತ್ರೆ ಎಷ್ಟು, ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಅಕ್ಕ ಒಂದು ಹಳೆಯ ಚೀಟಿ ತಂದಳು. ಅದನ್ನು ಬರೆದ ಡಾಕ್ಟರು ತೀರಿಕೊಂಡು ವರ್ಷಗಳಾಗಿದ್ದವು. "ನನ್ನ ಮನೆ, ನನ್ನ ಅಂಗಡಿ, ನನಗೇ ಚೀಟಿಯೇ?" ಎಂದು ಚಪ್ಪಲಿ ಮೆಟ್ಟಿ ರಸ್ತೆ ದಾಟಿ ಎದುರಂಗಡಿಗೆ ಹೋದಳು. ಅರ್ಧ ಗಳಿಗೆಯಲ್ಲಿ ಮಾತ್ರೆಯ ಪಟ್ಟಿ ಹಿಡಿದು ವಿಜಯಿಯಾಗಿ ಬಂದಳು. ರಿಯಾಯಿತಿಯೂ ಸಿಕ್ಕಿತ್ತು, ಕೂರಲು ಸ್ಟೂಲೂ ಸಿಕ್ಕಿತ್ತು, ಸೊಸೆಗೆಂದು ಒಂದು ಸಂದೇಶವೂ ಸಿಕ್ಕಿತ್ತು.

"ಅವರೊಂದು ಮಾತು ಕೇಳು ಅಂದಿದ್ದಾರೆ ಕಣೆ. ನಿನ್ನ ಜೊತೆ ಓದಿದ ಹುಡುಗೀರು ಯಾರಾದ್ರೂ ಮದುವೆಯಾಗಿ ಮನೇಲಿದ್ದರೆ ಹೇಳಬೇಕಂತೆ. ಕೆಲಸ ಏನೂ ಇಲ್ಲವಂತೆ, ಸರ್ಟಿಫಿಕೇಟು ಕೊಟ್ಟರೆ ಸಾಕಂತೆ."