ಜಗ್ಗುವ ಗಾಡಿ, ಜಗ್ಗದ ಪಂಡಿತರು

ಬೆಂಗಳೂರಿನ ಬಾಗಲಗುಂಟೆಯಲ್ಲಿ ಗಾಡಿ ಕೆಡುವುದು ಖಾಸಗಿ ವಿಷಯವಲ್ಲ. ಎಂಟನೇ ಮೈಲಿಯಲ್ಲಿ ತುಮಕೂರು ರಸ್ತೆ ಬಿಟ್ಟು ಹೆಸರಘಟ್ಟ ರಸ್ತೆಗೆ ತಿರುಗಿ, ಎಲ್ಲಾದರೂ ಬದಿಗೆ ಬೈಕು ನಿಲ್ಲಿಸಿ, ಅದರ ಪಕ್ಕ ಕುಕ್ಕುರುಗಾಲಲ್ಲಿ ಕೂತು ನೋಡಿ. ಟೀ ಅಂಗಡಿಯಿಂದ ಒಬ್ಬರು, ಬಸ್ಸು ಕಾಯುತ್ತಿದ್ದವರಲ್ಲಿ ಒಬ್ಬರು, ಎದುರಿನ ಶೆಡ್ಡಿನಿಂದ ಕೈಯ ಗ್ರೀಸು ಒರೆಸಿಕೊಳ್ಳುತ್ತ ಇನ್ನೊಬ್ಬರು ಬಂದು ಸುತ್ತ ನಿಲ್ಲುತ್ತಾರೆ. ಜಯನಗರದಲ್ಲಿ ಹೀಗೆ ಜನ ನೆರೆದರೆ ಅದು ಕುತೂಹಲ. ಇಲ್ಲಿ ಅದು ತಜ್ಞರ ಸಮಿತಿ. ಮಗ್ಗುಲಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ ಇದೆಯಲ್ಲ! ಲೇತು ತಿರುಗಿಸುವವರು, ಡೈ ಕೊರೆಯುವವರು, ಪ್ಯಾನೆಲ್ ವೈರಿಂಗ್ ಮಾಡುವವರು, ಸಿಎನ್‌ಸಿ ಪ್ರೋಗ್ರಾಂ ಬರೆಯುವವರು ಶಿಫ್ಟು ಮುಗಿಸಿ ಮಲಗಲು ಬರುವುದು ಬಾಗಲಗುಂಟೆ, ಮಲ್ಲಸಂದ್ರ, ದಾಸರಹಳ್ಳಿ, ಸಿಡೇದಹಳ್ಳಿಗೆ. ಇಂಥವರ ನಡುವೆ ನಾನು ಕಾರ್ಖಾನೆಯೊಂದರ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಕೂತು ವೋಚರಿಗೆ ಬಿಲ್ಲು ಹೊಂದಿಸುವವನು. ಹತ್ತನೇ ನಂಬರಿನ ಸ್ಪ್ಯಾನರ್ ಯಾವುದು, ಹನ್ನೆರಡರದು ಯಾವುದು ಎಂದು ಕೇಳಿದರೆ ಶುದ್ಧ ಹೆಬ್ಬೆಟ್ಟು.

ಅಂಥವನ ಬೈಕಿಗೆ ಬಂದದ್ದು ಜಗ್ಗುವ ಕಾಯಿಲೆ. ಮೂರನೇ ಗೇರಿನಲ್ಲಿ, ನಲವತ್ತರ ವೇಗದಲ್ಲಿ, ಆಕ್ಸಿಲರೇಟರ್ ಹಿಡಿದ ಕೈ ಅಲುಗಿಸದೆ ಹೋಗುತ್ತಿದ್ದರೂ ಗಾಡಿ ತಾನಾಗಿ ಒಮ್ಮೆ ಮುಂದಕ್ಕೆ ನುಗ್ಗುವುದು, ಒಮ್ಮೆ ಉಸಿರು ಕಟ್ಟಿದಂತಾಗಿ ಹಿಂದಕ್ಕೆ ಎಳೆಯುವುದು. ಪ್ರತಿ ಎಳೆತಕ್ಕೂ ಹಿಂದೆ ಕೂತ ಹೆಂಡತಿಯ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ಟಕ್ಕೆಂದು ಬಡಿಯುವುದು. "ರೀ, ಒಂದೇ ಸಮ ಓಡಿಸಕ್ಕೆ ಬರಲ್ವಾ ನಿಮಗೆ?" ಎಂದು ಅವಳು ಕೇಳಿದ್ದು ಎಂಜಿನ್ನಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು. ಅಂದಿನಿಂದ ಮಲ್ಲೇಶ್ವರದ ಸವಾರಿಗೆ ಅವಳು ನಾಗಸಂದ್ರಕ್ಕೆ ನಡೆದು ಹೋಗಿ ಮೆಟ್ರೊ ಹತ್ತತೊಡಗಿದಳು. 2015ರ ಮೇ ತಿಂಗಳಲ್ಲಿ ಆ ನಿಲ್ದಾಣ ತೆರೆದದ್ದು ನನ್ನ ಸಂಸಾರ ಉಳಿಸುವುದಕ್ಕೇ ಇರಬೇಕು.

ಒಂದೇ ಸಮ ಜಗ್ಗಿದ್ದರೆ ರಿಪೇರಿ ಸುಲಭವಿತ್ತು. ಇದು ಬಂದರೆ ಬಂತು, ಇಲ್ಲದಿದ್ದರೆ ದಿನಗಟ್ಟಲೆ ಇಲ್ಲ. ಸರ್ವಿಸ್ ಸೆಂಟರಿನವರು ಸೀಟಿನ ಕೆಳಗೆ ಸ್ಕ್ಯಾನರ್ ಚುಚ್ಚಿ ನೋಡಿ, "ಎರರ್ ಕೋಡೇ ಇಲ್ಲ ಸಾರ್, ಗಾಡಿ ಪಕ್ಕಾ ಇದೆ" ಎಂದರು. ಕೋಡ್ ಇಲ್ಲದ ಕಾಯಿಲೆ ಕಾಯಿಲೆಯೇ ಅಲ್ಲ ಎಂಬುದು ಈ ಕಾಲದ ಶಾಸ್ತ್ರ. ಮೀಟರಿನಲ್ಲಿರುವ ಎಂಜಿನ್ ದೀಪ ಉರಿಯುವುದು ಯಾವುದಾದರೂ ಸೆನ್ಸರು ಅಂಕೆ ಮೀರಿ ಮಾತಾಡಿದಾಗ. ಎಲ್ಲ ಸೆನ್ಸರುಗಳೂ ಸಭ್ಯವಾಗಿ ವರದಿ ಕೊಡುತ್ತಿದ್ದರೆ ಗಾಡಿ ಎಷ್ಟೇ ಕುಣಿದರೂ ದೀಪ ಸುಮ್ಮನಿರುತ್ತದೆ. ಆಡಿಟ್ಟಿನಲ್ಲಿ ಇಂಥ ಫೈಲುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನನ್ನ ಸೋದರಮಾವನ ಕಾಲದಲ್ಲಿ ಹೀಗಿರಲಿಲ್ಲ. ಅವನ ಹತ್ತಿರ ಇದ್ದದ್ದು ಯೆಜ್ಡಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಿಂದ 1996ರವರೆಗೆ ಆ ಕಾರ್ಖಾನೆ ಗಾಡಿಗಳನ್ನು ರಸ್ತೆಗಿಳಿಸಿತು. ಅದಕ್ಕೆ ಏನೇ ಆದರೂ ಔಷಧಿ ಒಂದೇ, ಕಾರ್ಬೊರೇಟರ್ ಬಿಚ್ಚುವುದು, ಜೆಟ್ಟಿನ ತೂತಿಗೆ ಊದುವುದು, ತಿರುಪು ಅರ್ಧ ಸುತ್ತು ತಿರುಗಿಸಿ ಕಿವಿಗೊಟ್ಟು ಕೇಳುವುದು. 2006ರಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್‌ಐ ಬಂದಾಗ ಬೈಕಿಗೂ ಇಂಜೆಕ್ಷನ್ ಅಂತೆ ಎಂದು ಮಾವ ನಕ್ಕಿದ್ದ. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಜಾರಿಯಾಗಿ ಕಾರ್ಬೊರೇಟರ್ ಯುಗವೇ ಮುಗಿಯಿತು. ಆ ದಿನ ಕೊರೊನಾ ಲಾಕ್‌ಡೌನಿನಿಂದ ದೇಶದ ಗಾಡಿಗಳೆಲ್ಲ ಮನೆಯಲ್ಲೇ ನಿಂತಿದ್ದವು. ಹೊಗೆಯೇ ಇಲ್ಲದ ದಿನ ಹೊಗೆಯ ಹೊಸ ಕಾನೂನು ಬಂತು.

ನನ್ನದರಂಥ ಇಂಜೆಕ್ಷನ್ ಗಾಡಿಯ ಮೂಲ ಲೆಕ್ಕ ಸರಳ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಸೇರಿದರೆ ಎರಡೂ ಉಳಿಯದಂತೆ ಉರಿಯುತ್ತವೆ. ಟ್ಯಾಂಕಿನೊಳಗೇ ಮುಳುಗಿ ಕೂತ ಪಂಪು ಸಾಮಾನ್ಯವಾಗಿ ಮೂರು ಬಾರ್ ಆಸುಪಾಸಿನ ಒತ್ತಡದಲ್ಲಿ, ಎಂದರೆ ಟೈರಿನ ಗಾಳಿಗಿಂತ ಜೋರಾಗಿ, ಪೆಟ್ರೋಲನ್ನು ಇಂಜೆಕ್ಟರಿಗೆ ತಳ್ಳುತ್ತದೆ. ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರು ಉರಿದು ಉಳಿದದ್ದನ್ನು ಮೂಸಿ ಇಸಿಯುಗೆ, ಎಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರಿಗೆ, ಸುದ್ದಿ ಮುಟ್ಟಿಸುತ್ತದೆ. ಇಸಿಯು ಒಬ್ಬ ಅಡುಗೆ ಭಟ್ಟ. ಸಾರಿನ ರುಚಿ ನೋಡುತ್ತ ಚಿಟಿಕೆ ಉಪ್ಪು, ಹುಟ್ಟು ನೀರು ಹಾಕುತ್ತಲೇ ಇರುತ್ತಾನೆ. ಉಪ್ಪು, ನೀರು ಎರಡೂ ಕೈಗೆ ಸಿಗುವವರೆಗೆ ಊಟಕ್ಕೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಒಂದರ ಸರಬರಾಜು ತಪ್ಪಿತೋ, ಭಟ್ಟರು ಅತ್ತಲಿಂದಿತ್ತ ಓಡಾಡುವುದು ಪಂಕ್ತಿಗೆಲ್ಲ ಕಾಣುತ್ತದೆ. ಗಾಡಿಯ ನುಗ್ಗುವಿಕೆ, ಜಗ್ಗುವಿಕೆ ಅದೇ.

ತಪ್ಪಿದ್ದು ಯಾವುದರ ಸರಬರಾಜು? ತಜ್ಞರ ಸಮಿತಿ ಕಲಾಪ ಆರಂಭಿಸಿತು.

ಮೊದಲ ಅಭಿಪ್ರಾಯ ಗಲ್ಲಿಯ ಮೆಕ್ಯಾನಿಕ್ಕಿನದು. "ಮಿಸ್ಸಿಂಗ್ ಹೊಡೀತಿದೆ ಸಾರ್, ಪ್ಲಗ್ಗು ಹೋಗಿದೆ" ಎಂದ. ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿ ಅಲ್ಲಾಡಿಸಿ, ಪೆಟ್ರೋಲ್ ಇಣುಕಿ ನೋಡಿ, ಹೊಸ ಪ್ಲಗ್ಗು ಹಾಕಿದ. ಮೀಟರಿನಲ್ಲಿ ಇಂಧನದ ಕಡ್ಡಿಗಳು ಸಾಲಾಗಿ ಉರಿಯುತ್ತಿದ್ದರೂ ಕಣ್ಣಾರೆ ಪೆಟ್ರೋಲ್ ಕಂಡ ಹೊರತು ನಮ್ಮ ಕಡೆ ಯಾರೂ ರಿಪೇರಿಗೆ ಕೈಹಾಕುವುದಿಲ್ಲ. ಗಾಡಿ ಬೆಣ್ಣೆಯಾಯಿತು. ಸ್ವಲ್ಪ ದಿನದಲ್ಲಿ ಮತ್ತೆ ಜಗ್ಗಿತು.

ಎರಡನೆಯವರು ಪಕ್ಕದ ವಠಾರದಲ್ಲಿರುವ, ಗದಗ ಕಡೆಯ ಲೇತ್ ಆಪರೇಟರ್. "ಸರ, ಇದು ಎಲ್ಲೋ ಗಾಳಿ ಎಳ್ಯಾಕತ್ತೈತ್ರೀ" ಎಂದು ಎಂಜಿನ್ನಿಗೂ ಥ್ರಾಟಲ್ ಬಾಡಿಗೂ ನಡುವಿನ ರಬ್ಬರ್ ಬೂಟಿನತ್ತ ಬೆರಳು ತೋರಿಸಿದರು. ಅದು ಸೀಳಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಹೋಗಿ ಮಿಶ್ರಣ ಬಡವಾಗುತ್ತದೆ. ಎಂಜಿನ್ ಐಡಲಿನಲ್ಲಿದ್ದಾಗ ಬೂಟಿನ ಸುತ್ತ ಕ್ಲೀನರ್ ಸ್ಪ್ರೇ ಹೊಡೆದರೆ, ಸೀಳಿದ್ದಲ್ಲಿ ಎಂಜಿನ್ ಸದ್ದು ಬದಲಾಗಬೇಕು. ಬದಲಾಗಲಿಲ್ಲ. ಆದರೂ ಅವರು ಕ್ಲಾಂಪು ಬಿಗಿದರು, ಪೆಟ್ರೋಲ್ ನೋಡಿದರು, ಗಾಡಿ ಸರಿಹೋಯಿತು. ಮತ್ತೆ ಜಗ್ಗಿತು.

ಪ್ಯಾನೆಲ್ ವೈರಿಂಗಿನಲ್ಲೇ ಆಯುಸ್ಸು ಸವೆಸಿ ನಿವೃತ್ತರಾದ ಎಂಇಐ ಬಡಾವಣೆಯ ಹಿರಿಯರು ಎಲ್ಲರನ್ನೂ ಪಕ್ಕಕ್ಕೆ ಸರಿಸಿದರು. "ನೋಡಪ್ಪಾ, ಆಗಾಗ ಬಂದು ಹೋಗೋ ಫಾಲ್ಟು ಅಂದ್ರೆ ಲೂಸ್ ಕಾಂಟ್ಯಾಕ್ಟು. ಪ್ರಪಂಚದಲ್ಲಿ ಎರಡನೇ ಕಾರಣ ಇಲ್ಲ." ಮಳೆ ಬಂದಾಗ ಹೆಚ್ಚು ಜಗ್ಗುತ್ತದೆ ಎಂದು ನಾನು ಹೇಳಿದ್ದೇ ತಡ, ಅವರ ಮುಖ ಅರಳಿತು. ಕನೆಕ್ಟರುಗಳನ್ನೆಲ್ಲ ಬಿಚ್ಚಿ, ಸ್ಪ್ರೇ ಹೊಡೆದು, ಅರ್ತ್ ವೈರಿನ ನಟ್ಟು ಬಿಗಿದು, ಕೊನೆಗೆ "ಪೆಟ್ರೋಲ್ ಇದೆ ತಾನೆ?" ಎಂದು ಇಣುಕಿದರು. ಮತ್ತೊಮ್ಮೆ ಬೆಣ್ಣೆ, ಮತ್ತೊಮ್ಮೆ ಜಗ್ಗಾಟ.

ಟೀ ಅಂಗಡಿಯ ವಿದ್ವಾಂಸರ ಪ್ರಕಾರ ಇದೆಲ್ಲ ಎಥೆನಾಲಿನ ಮಹಿಮೆ. ನೂರಕ್ಕೆ 20 ಭಾಗ ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು 2023ರ ಫೆಬ್ರವರಿ 6ರಂದು, ಅದೂ ನಮ್ಮ ಮಾದಾವರದ ಪ್ರದರ್ಶನ ಕೇಂದ್ರದಲ್ಲೇ. ಹಾಗಾಗಿ ಅದರ ಬಗ್ಗೆ ಮಾತಾಡುವ ಮೊದಲ ಹಕ್ಕು ತುಮಕೂರು ರಸ್ತೆಯವರದು ಎಂಬುದು ಅವರ ವಾದ. ಅವರ ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಎಥೆನಾಲ್ ನೀರನ್ನು ಹೀರುತ್ತದೆ, ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಶಕ್ತಿ ಕೊಡುತ್ತದೆ, ಇ20ಗೆ ಬೇಕಾದ ಗಾಳಿಯ ಪಾಲು 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. "ಫುಲ್ ಟ್ಯಾಂಕ್ ಮಾಡಿಸಿದ ಮೇಲೆ ಬೇಗ ಜಗ್ಗುತ್ತಾ ಇಲ್ವಾ, ಹೇಳಿ ಸಾರ್?" ಎಂದು ಕೇಳಿದರು. ಹೌದು, ಜಗ್ಗುತ್ತಿತ್ತು. "ಇನ್ನೇನು ಸಾಕ್ಷಿ ಬೇಕು?" ಮುಚ್ಚಳ ತೆಗೆದು ಮೂಸಿ ನೋಡಿ ತೀರ್ಪು ಕೊಟ್ಟರು. ಅಂದು ಸಂಜೆ ಗಾಡಿ ಸೊಗಸಾಗಿ ಓಡಿತು.

ನನ್ನ ಭಾವಮೈದುನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಬರೆಯುವವನು. "ಭಾವ, ಹಾರ್ಡ್‌ವೇರ್ ಮುಟ್ಟಲೇಬೇಡಿ, ಇಸಿಯು ರೀಸೆಟ್ ಮಾಡೋಣ" ಎಂದು ಬ್ಯಾಟರಿ ವೈರು ತೆಗೆದು ಮತ್ತೆ ಹಾಕಿದ. ದಾರಿಯಲ್ಲಿ ಹೈ ಆಕ್ಟೇನ್ ಪೆಟ್ರೋಲ್ ಹಾಕಿಸಿ ತಾನೇ ಓಡಿಸಿ ನೋಡಿ, "ಫಿಕ್ಸ್ ಆಯ್ತು" ಎಂದು ಬೆನ್ನು ತಟ್ಟಿಕೊಂಡ. ಇಷ್ಟೆಲ್ಲ ನೋಡಿದ ಹೆಂಡತಿ, "ದೃಷ್ಟಿ ಆಗಿದೆ, ಅಷ್ಟೇ" ಎಂದು ಅಮ್ಮನ ಗುಡಿಯ ಮುಂದೆ ಪೂಜೆ ಮಾಡಿಸಿ ಚಕ್ರಕ್ಕೆ ನಿಂಬೆಹಣ್ಣು ಇಡಿಸಿದಳು. ಎಲ್ಲ ಚಿಕಿತ್ಸೆಗಳಲ್ಲಿ ಒಂದು ಗಳಿಗೆಯೂ ಗುಣ ಕಾಣದಿದ್ದದ್ದು ನಿಂಬೆಹಣ್ಣು ಮಾತ್ರ. ಗುಡಿಯಿಂದ ಹೊರಟ ಗಾಡಿ ತಿರುವಿನಲ್ಲೇ ಜಗ್ಗಿತು.

ಅಕೌಂಟ್ಸಿನವನಿಗೆ ಸ್ಪ್ಯಾನರ್ ಬರದಿದ್ದರೂ ಲೆಡ್ಜರ್ ಬರುತ್ತದೆ. ಬಿಲ್ಲುಗಳ ಹಿಂದೆ ನಾನು ತಾರೀಕು, ಕಿಲೋಮೀಟರು, ಬಿಸಿಲೋ ಮಳೆಯೋ, ಪೆಟ್ರೋಲ್ ಹಾಕಿಸಿದ್ದು, ಯಾರು ಏನು ಮಾಡಿದರು, ಎಷ್ಟು ದೂರದ ನಂತರ ಮತ್ತೆ ಜಗ್ಗಿತು ಎಲ್ಲವನ್ನೂ ಬರೆದಿಟ್ಟಿದ್ದೆ. ಗುಣ ಕಂಡ ಖಾತೆಗಳಲ್ಲೆಲ್ಲ ಸಮಾನವಾದ ನಮೂದು ಯಾವುದು? ಪ್ಲಗ್ಗು ಅಲ್ಲ, ಕ್ಲಾಂಪು ಅಲ್ಲ, ಕನೆಕ್ಟರೂ ಅಲ್ಲ. ಎಲ್ಲರೂ ಟ್ಯಾಂಕಿನ ಮುಚ್ಚಳ ತೆಗೆದಿದ್ದರು. ತೆಗೆಯದೆ ಇದ್ದವರು ಅರ್ಚಕರೊಬ್ಬರೇ!

ಮುಂದಿನ ಸಲ ನಾಗಸಂದ್ರದ ಸರ್ವಿಸ್ ರಸ್ತೆಯಲ್ಲಿ ಜಗ್ಗಾಟ ಶುರುವಾದ ಕೂಡಲೇ ಗಾಡಿ ನಿಲ್ಲಿಸಿ ಬೇರೇನನ್ನೂ ಮುಟ್ಟದೆ ಮುಚ್ಚಳ ಮಾತ್ರ ತೆಗೆದೆ. ಸುಸ್ಸ್ ಎಂದು ಗಾಳಿ ಒಳಕ್ಕೆ ನುಗ್ಗಿತು. ಮುಚ್ಚಿ ಹೊರಟರೆ ಜಗ್ಗಾಟ ಮಾಯ. ಆ ಸುಸ್ಸನ್ನು ಹಿಂದೆಯೂ ಎಲ್ಲರೂ ಕೇಳಿದ್ದರು, ಬಿಸಿಲಿಗೆ ಗ್ಯಾಸು ಹೊರಬಂತು ಎಂದು ಬಿಟ್ಟಿದ್ದರು. ಅದು ಹೊರಬರುವ ಸದ್ದಲ್ಲ, ಒಳಹೋಗುವ ಸದ್ದು.

ಪಂಪು ಪೆಟ್ರೋಲನ್ನು ಹೊರತಳ್ಳಿದಷ್ಟು ಜಾಗಕ್ಕೆ ಟ್ಯಾಂಕಿನೊಳಗೆ ಗಾಳಿ ಬರಲೇಬೇಕು. ಈಗಿನ ಗಾಡಿಗಳಲ್ಲಿ ಪೆಟ್ರೋಲಿನ ಆವಿ ಬೀದಿಗೆ ಹೋಗದಂತೆ ಹಿಡಿದಿಡಲು ಇದ್ದಿಲು ತುಂಬಿದ ಡಬ್ಬಿಯೊಂದಿರುತ್ತದೆ. ಟ್ಯಾಂಕಿನ ಉಸಿರಾಟ ಅದಕ್ಕೆ ಹೋಗುವ ಸಣ್ಣ ರಬ್ಬರ್ ಪೈಪಿನ ಮೂಲಕವೇ ನಡೆಯಬೇಕು. ಯಾರೋ ಯಾವಾಗಲೋ ಟ್ಯಾಂಕು ಎತ್ತಿ ಕೂರಿಸುವಾಗ ಆ ಪೈಪು ಕೆಳಗೆ ಸಿಕ್ಕಿ ಚಪ್ಪಟೆಯಾಗಿತ್ತು. ಒಳಗೆ ಗಾಳಿ ಸಾಲದೆ ನಿರ್ವಾತ ಹೆಚ್ಚಿದಂತೆ ಪಂಪು ಸೋಲುತ್ತಿತ್ತು, ಪೆಟ್ರೋಲ್ ಒತ್ತಡ ಇಳಿಯುತ್ತಿತ್ತು, ಇಸಿಯು ಪರದಾಡುತ್ತಿತ್ತು. ಫುಲ್ ಟ್ಯಾಂಕಿನಲ್ಲಿ ಗಾಳಿಗೆ ಇರುವ ಜಾಗವೇ ಕಡಿಮೆ, ಆದ್ದರಿಂದ ನಿರ್ವಾತ ಬೇಗ ಏರುತ್ತದೆ. ಮಳೆಗೆ ಟ್ಯಾಂಕು ತಣ್ಣಗಾದರೆ ಒಳಗಿನ ಆವಿ ಕುಗ್ಗಿ ಇನ್ನೂ ಹೆಚ್ಚುತ್ತದೆ. ಎಥೆನಾಲಿನ ಸಾಕ್ಷಿ, ಲೂಸ್ ಕಾಂಟ್ಯಾಕ್ಟಿನ ಸಾಕ್ಷಿ ಎರಡೂ ಸುಳ್ಳಲ್ಲ. ಸಾಕ್ಷಿ ಹೇಳಿದ್ದು ಬೇರೆಯವರ ಪರವಾಗಿ. ಮೆಕ್ಯಾನಿಕ್ ಪೈಪನ್ನು ಬಿಡಿಸಿ ಸರಿಯಾದ ದಾರಿಯಲ್ಲಿ ಕೂರಿಸಿದ. "ಇದಕ್ಕೆಲ್ಲ ದುಡ್ಡು ಬೇಡ ಸಾರ್, ಒಂದು ಟೀ ಹೇಳಿ" ಎಂದ.

ಸುದ್ದಿ ಹಬ್ಬಿತು. ಪಂಡಿತರು ಸೋಲೊಪ್ಪುತ್ತಾರೆಂದು ಎಣಿಸಿದ್ದೆ. ಗದಗಿನವರು, "ನಾ ಮೊದಲ ಹೇಳಿದ್ನಿಲ್ರೀ, ಗಾಳೀದ ಕಾಟ ಅಂತ!" ಎಂದರು. ನಿವೃತ್ತ ಹಿರಿಯರಿಗೆ ಪೈಪೂ ಒಂದು ಕನೆಕ್ಷನ್ನೇ. ಟೀ ಅಂಗಡಿಯವರು, "ಏನೇ ಆಗಲಿ, ಪೆಟ್ರೋಲಿಂದಲೇ ಬಂದಿದ್ದು ತಾನೆ?" ಎಂದರು. ಭಾವಮೈದುನ ಇನ್‌ಪುಟ್ ಸಮಸ್ಯೆ ಎಂದು ಮುಗಿಸಿದ. ಹೆಂಡತಿ ಮಾತ್ರ ಶಾಂತವಾಗಿ, "ನಿಂಬೆಹಣ್ಣು ಕೆಲಸ ಮಾಡೋಕೆ ಸ್ವಲ್ಪ ಟೈಮ್ ಬೇಕಾಗುತ್ತೆ ರೀ" ಎಂದಳು. ಗಾಡಿ ಜಗ್ಗುವುದು ನಿಂತಿತು. ಪಂಡಿತರು ಯಾರೂ ಜಗ್ಗಲಿಲ್ಲ.

ನಿಮ್ಮ ಇಂಜೆಕ್ಷನ್ ಗಾಡಿಯೂ ಹೀಗೆ ಆಡತೊಡಗಿದರೆ ನನ್ನದೊಂದು ಸಲಹೆ. ದುಡ್ಡು ಬೇಡದ ಪರೀಕ್ಷೆಗಳನ್ನು ಮೊದಲು ಮಾಡಿ: ಮುಚ್ಚಳ ತೆಗೆದು ಸದ್ದು ಕೇಳಿ, ಆಕ್ಸಿಲರೇಟರ್ ಕೇಬಲ್ಲಿನ ಸಡಿಲ ನೋಡಿ, ಚೈನು ಒಂದೊಂದು ಕಡೆ ಬಿಗಿಯಾಗಿದೆಯೇ ತಿರುಗಿಸಿ ನೋಡಿ. ಆಮೇಲೆ ಏರ್ ಫಿಲ್ಟರು, ಪ್ಲಗ್ಗು, ಥ್ರಾಟಲ್ ಬಾಡಿ. ಪಂಪು ಮತ್ತು ಸೆನ್ಸರುಗಳ ಸರದಿ ಕೊನೆಗೆ. ಒಂದು ಸಲಕ್ಕೆ ಒಂದನ್ನೇ ಮುಟ್ಟಿ, ಮುಟ್ಟಿದ್ದನ್ನು ತಾರೀಕು ಹಾಕಿ ಬರೆದಿಡಿ. ಯಾರಾದರೂ ಕೈಯಿಟ್ಟ ಕೂಡಲೇ ಗಾಡಿ ಸರಿಹೋದರೆ ಅವರಿಗೆ ಟೀ ಕುಡಿಸಿ. ಬಿರುದು ಕೊಡುವುದನ್ನು ಮಾತ್ರ ಇನ್ನೊಂದು ಟ್ಯಾಂಕ್ ಪೆಟ್ರೋಲ್ ಮುಗಿಯುವವರೆಗೆ ಮುಂದಕ್ಕೆ ಹಾಕಿ.