ಮಿಕ್ಸಿಗಾಗಿ ಪ್ರಾರ್ಥಿಸಿ

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನವರು ಊರಿಗೆ ಬರೆದ ಪತ್ರಗಳಲ್ಲಿ ಜ್ವರ, ಜಡಿಮಳೆ ಎಲ್ಲ ಇದ್ದಿರಬೇಕು. ಅದೇ ಮಂಗಳೂರಿನಿಂದ ಮಲಾವಿಗೆ ಸೇವೆಗೆ ಬಂದ ನನ್ನ ಪ್ರಾರ್ಥನಾ ವಿನಂತಿಯಲ್ಲಿ ಇದ್ದದ್ದು ಮಿಕ್ಸಿ. ಕಾಯಿ ತುರಿದು, ಮೆಣಸು ಹುರಿದು, ಇನ್ನೇನು ಗುಂಡಿ ತಿರುಗಿಸಬೇಕು ಅನ್ನುವಾಗ ಲಿಲಾಂಗ್ವೆಯಲ್ಲಿ ಕರೆಂಟು ಹೋಗುತ್ತದೆ. ಆಗ ಹೆಂಡತಿಯ ಮುಖ ನೋಡಿದರೆ ಸಾಕು, ಪ್ರಾರ್ಥನೆ ತಾನಾಗಿ ಬರುತ್ತದೆ. ಮಗಳಿಗೆ ಚಿಂತೆಯಿಲ್ಲ, ಅವಳು ಮೆಕ್ಕೆಜೋಳದ ಹಿಟ್ಟಿನ ನ್ಸಿಮಾಕ್ಕೆ ಎಂದೋ ಮತಾಂತರಗೊಂಡಿದ್ದಾಳೆ.

ಅಮ್ಮ ಬೆಳಗಿನ ಪ್ರಾರ್ಥನೆ ಮುಗಿಸಿ 5.30ಕ್ಕೆ ಫೋನು ಮಾಡಿದರು. ನಮಗಾಗ ನಡುರಾತ್ರಿ 2 ಗಂಟೆ.

"ಇಡೀ ಸಭೆ ಮೊಣಕಾಲೂರಿದೆ ಮಗಾ, ಮಿಕ್ಸಿ ಸರಿಯಾಯ್ತಾ?"

"ಮಿಕ್ಸಿ ಗಟ್ಟಿಮುಟ್ಟಾಗಿದೆ ಅಮ್ಮಾ, ಇಲ್ಲದ್ದು ಕರೆಂಟು."

"ಅಯ್ಯೋ! ಮೂರು ವಾರ ತಪ್ಪು ಇಲಾಖೆಗೆ ಅರ್ಜಿ ಹಾಕಿದೆವಲ್ಲೋ!"