ಅರ್ತಿಂಗ್ ರಾಯರು

ಗೇಟಿನ ಮುಂದೆ ಬಾನೆಟ್ ತೆರೆದ ಪ್ರೀಮಿಯರ್ ಪದ್ಮಿನಿ ನಿಂತಿದ್ದು, ಅದರೊಳಗಿಂದ ಬರೀ ಪಂಚೆ ಹೊರಗೆ ಕಾಣುತ್ತಿದ್ದರೆ ಅವರು ರಾಯರೇ. ಹಳೇ ಬಡಾವಣೆಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಿವೃತ್ತರು, ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಟೆಸ್ಟ್ ಲ್ಯಾಂಪು. ಮುಂಬೈಯ ಕುರ್ಲಾದಲ್ಲಿ ಪದ್ಮಿನಿ ತಯಾರಿಕೆ 2000ದ ಸುಮಾರಿಗೇ ಮುಗಿಯಿತು. ರಾಯರ ಮನೆಯಲ್ಲಿ ಮಾತ್ರ ಅದಿನ್ನೂ ತಯಾರಾಗುತ್ತಲೇ ಇದೆ.

ಕಾರಿಗೆ ಏನೇ ಆಗಲಿ, "ಅರ್ತಿಂಗ್ ಕಣ್ರೀ" ಅನ್ನುತ್ತಾರೆ. ಹಾರ್ನ್ ಗೊಗ್ಗರು ದನಿಯಲ್ಲಿ ಕೆಮ್ಮಿದರೂ ಅರ್ತಿಂಗ್, ವೈಪರ್ ಅರ್ಧದಲ್ಲಿ ನಿಂತರೂ ಅರ್ತಿಂಗ್. ಪಕ್ಕದ ಮನೆಯವರ ಮಂಡಿನೋವಿಗೂ ಅದನ್ನೇ ಹೇಳಿದರೆಂದು ಸುದ್ದಿ.

ಸಿಟ್ಟು ಬರುವುದೇನೆಂದರೆ, ಬಹಳ ಸಲ ಅವರು ಹೇಳಿದ್ದೇ ನಿಜವಾಗುತ್ತದೆ. ಕಳೆದ ಶ್ರಾವಣದಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಎಡಗಡೆ ಇಂಡಿಕೇಟರ್ ಮಿಣಮಿಣ ಉರಿಯತೊಡಗಿತು. ಜೆ.ಸಿ. ರಸ್ತೆಯ ಹುಡುಗನೊಬ್ಬ ವೈರಿಂಗ್ ಪೂರ್ತಿ ಬದಲಾಯಿಸಬೇಕೆಂದ. ರಾಯರು ನಕ್ಕರು.

"ಕರೆಂಟು ಬಂದರೆ ಸಾಲದಪ್ಪ, ಬ್ಯಾಟರಿಗೆ ವಾಪಸ್ ಹೋಗಬೇಕು. ಹೋಗೋದು ಕಾರಿನ ತಗಡಿನ ಮೇಲೇ. ಅಲ್ಲಿ ತುಕ್ಕು ಹಿಡಿದರೆ ಪಕ್ಕದ ಬಲ್ಬಿನೊಳಗೆ ನುಗ್ಗುತ್ತೆ. ಮೋರಿ ಕಟ್ಟಿಕೊಂಡರೆ ನೀರು ಪಕ್ಕದ ಮನೆಗೆ ನುಗ್ಗಲ್ವಾ?"

ಮನೆಗೆ ಬಂದವರೇ ಮೀಟರಿನ ಒಂದು ಕಡ್ಡಿಯನ್ನು ಹಿಂದಿನ ಲ್ಯಾಂಪಿನ ತಗಡಿಗೂ, ಉದ್ದ ವೈರು ಕಟ್ಟಿದ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಹಿಡಿದರು. ಬ್ರೇಕಿಗೆ ಹೆಂಡತಿಯೇ ಆಗಬೇಕು.

"ಲೇ, ಒತ್ತೇ! ಬಿಡು. ಒತ್ತು ಅಂದ್ರೆ ಒತ್ತು!"

"ರೀ, ಒಲೆ ಮೇಲೆ ಹಾಲಿದೆ."

"ಹಾಲು ಉಕ್ಕಿದ್ರೆ ಉಕ್ಕಲಿ, ಇಲ್ಲಿ ನೋಡೇ, ನಾಲ್ಕು ವೋಲ್ಟು!"

ಕಾಲು ವೋಲ್ಟೂ ಇರಬಾರದ ಜಾಗ ಅದು. ಮಗನಿಗೆ ಸೀಟು ಸಿಕ್ಕಿದ ದಿನವೂ ರಾಯರ ಮುಖ ಅಷ್ಟು ಅರಳಿರಲಿಲ್ಲವಂತೆ. ಸ್ಕ್ರೂ ಬಿಚ್ಚಿ, ತಗಡು ಹೊಳೆಯುವವರೆಗೆ ಎಮರಿ ಪೇಪರ್ ಉಜ್ಜಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಬಳಿದರು. ಖರ್ಚು ಹಾಲಿನದ್ದು ಮಾತ್ರ.

ಇಂಡಿಕೇಟರ್ ಸರಿಹೋಯಿತು. ಆ ದಿನ ಹಾರ್ನೂ ಚೆನ್ನಾಗಿ ಕೂಗಿತು, ವೈಪರೂ ತಿರುಗಿತು. ಸಂಜೆಯ ಹೊತ್ತಿಗೆ ರಾಯರು ಮಂಕಾದರು. ಟೆಸ್ಟ್ ಲ್ಯಾಂಪನ್ನು ತೆಗೆದು ತೆಗೆದು ನೋಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಎದುರುಮನೆಯವರು ಬಂದು, "ಗಾಡಿ ಸರಿಹೋಯ್ತಂತೆ ರಾಯರೇ, ಬನಶಂಕರಿ ಗುಡಿಗೆ ಹೋಗಿಬರೋಣ್ವಾ?" ಎಂದರು.

"ಅದೇ ಅನುಮಾನ ಕಣ್ರೀ, ಎಲ್ಲಾ ಒಟ್ಟಿಗೇ ಸರಿಹೋಗಿದೆ. ಇದರಲ್ಲೇನೋ ಇದೆ. ಡ್ಯಾಶ್‌ಬೋರ್ಡ್ ಬಿಚ್ಚಿ ನೋಡಿಬಿಡ್ತೀನಿ, ನೀವು ಆಟೋದಲ್ಲಿ ಹೋಗಿಬನ್ನಿ."